ಅಂಗಳದಲ್ಲೇ ನಡೆದ ಸ್ಟಿಯರಿಂಗ್ ಮತ್ತು ಏರ್‌ಬ್ಯಾಗ್ ಕೆಲಸ: ಬದಿಯಡ್ಕದ ಆಟೋ ಇಲೆಕ್ಟ್ರಿಶಿಯನ್ ಒಬ್ಬರ ಸೇವೆ

ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಹಾರ್ನ್ ಇಲ್ಲದೆ ಕಾರು ಓಡಿಸುವುದು ಎಂಥ ಕಷ್ಟವೆಂಬುದು ಅಲ್ಲಿನ ತಿರುವುಗಳನ್ನು ಬಲ್ಲವರಿಗೆ ಗೊತ್ತು. ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ನಮ್ಮ ಮನೆಯಿಂದ ಬದಿಯಡ್ಕಕ್ಕೆ ಹೊರಟಿದ್ದ ದಿನ, ತಿರುವಿನಾಚೆಯಿಂದ ಬರುತ್ತಿದ್ದ ಬಸ್ಸಿಗೆ ಸೂಚನೆ ಕೊಡಲೆಂದು ಒತ್ತಿದರೆ ಹಾರ್ನ್ ಸದ್ದು ಮಾಡಲಿಲ್ಲ. ಅದೇ ವಾರದಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿಕೊಂಡು ಆರದೆ ಉಳಿಯಿತು, ಸ್ಟಿಯರಿಂಗಿನ ಮೇಲಿರುವ ಆಡಿಯೋ ಗುಂಡಿಗಳೂ ಕೆಲಸ ನಿಲ್ಲಿಸಿದವು. ನಮ್ಮದು 2016ರ ಸಣ್ಣ ಕಾರು. ಕರಾವಳಿಯ ಸೆಕೆ ಮತ್ತು ಕೈಬೆವರಿನಿಂದಾಗಿ ಸ್ಟಿಯರಿಂಗಿನ ಹೊದಿಕೆ ಅದಕ್ಕೂ ಮೊದಲೇ ಅಂಟಂಟಾಗಿ ಸಿಪ್ಪೆ ಏಳತೊಡಗಿತ್ತು. ಆದ್ದರಿಂದ ಸ್ಟಿಯರಿಂಗನ್ನೂ ಅದರ ಹಿಂದಿರುವ ಕ್ಲಾಕ್ ಸ್ಪ್ರಿಂಗ್ ಎಂಬ ಸುರುಳಿ ಕೇಬಲನ್ನೂ ಒಟ್ಟಿಗೇ ಬದಲಾಯಿಸುವುದೆಂದು ನಿಶ್ಚಯಿಸಿದೆವು. ಏರ್‌ಬ್ಯಾಗನ್ನು ಬಿಚ್ಚದೆ ಇವೆರಡನ್ನೂ ಮುಟ್ಟುವಂತಿಲ್ಲ. ಈ ಕೆಲಸವನ್ನು ಬದಿಯಡ್ಕ ಪೇಟೆಯ ಆಟೋ ಇಲೆಕ್ಟ್ರಿಶಿಯನ್ ಒಬ್ಬರು ನಮ್ಮ ಅಂಗಳಕ್ಕೇ ಬಂದು ಮಾಡಿಕೊಟ್ಟರು. ಹೆಸರು ಮತ್ತು ಫೋನ್ ನಂಬರನ್ನು ಎಲ್ಲೂ ಹಾಕಬಾರದೆಂದು ಅವರು ಕೇಳಿಕೊಂಡಿರುವುದರಿಂದ ಹಾಕುತ್ತಿಲ್ಲ. ಆದರೆ ಅವರು ಮಾಡಿದ ಕೆಲಸವನ್ನು ವಿವರವಾಗಿ ಬರೆಯುವುದು ಅಗತ್ಯವೆಂದು ನನಗೆ ತೋರುತ್ತದೆ.

ಅವರ ಬಳಿಗೆ ಹೋಗುವ ಮೊದಲು ನಾವು ಮೂರು ಕಡೆ ವಿಚಾರಿಸಿದ್ದೆವು. ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಕಾರನ್ನು ದೋಷ ಪತ್ತೆಹಚ್ಚುವ ಸ್ಕ್ಯಾನರಿಗೆ ಜೋಡಿಸುವುದಕ್ಕೂ ಮೊದಲೇ ಏರ್‌ಬ್ಯಾಗ್, ಅದನ್ನು ನಿಯಂತ್ರಿಸುವ ಕಂಟ್ರೋಲ್ ಯೂನಿಟ್ ಎಲ್ಲವನ್ನೂ ಹೊಸದಾಗಿ ಹಾಕಬೇಕೆಂದು ಹೇಳಿ, ಕೊನೆಗೆ ನಮಗೆ ತಗಲಿದ ಖರ್ಚಿನ ಮೂರು ಪಾಲಿಗಿಂತ ಹೆಚ್ಚಿನ ಅಂದಾಜು ಕೊಟ್ಟರು. ಇನ್ನೊಂದು ಅಂಗಡಿಯವರು ಗುಜರಿಗೆ ಬಂದ ಕಾರಿನಿಂದ ಏರ್‌ಬ್ಯಾಗ್ ಸಮೇತ ಬಿಚ್ಚಿದ ಸ್ಟಿಯರಿಂಗನ್ನು ಕಡಿಮೆ ಬೆಲೆಗೆ ಕೊಡುವುದಾಗಿ ಹೇಳಿದರು. ಆ ಏರ್‌ಬ್ಯಾಗ್ ನೆರೆಯ ನೀರಿನಲ್ಲಿ ಮುಳುಗಿತ್ತೋ, ಒಮ್ಮೆ ಸಿಡಿದ ಮೇಲೆ ಮಡಚಿ ತುಂಬಿದ್ದೋ ಎಂಬುದನ್ನು ಹೊರಗಿನಿಂದ ನೋಡಿ ತಿಳಿಯಲು ಸಾಧ್ಯವಿಲ್ಲ. ಮೂರನೆಯವರ ಮಾತು ನನ್ನನ್ನು ನಿಜವಾಗಿಯೂ ಕಳವಳಗೊಳಿಸಿತು: ಏರ್‌ಬ್ಯಾಗಿನ ವಯರನ್ನು ಬೇರ್ಪಡಿಸಿ, ಆ ಜಾಗದಲ್ಲಿ ಸುಮಾರು 2 ಓಮ್‌ನ ಒಂದು ರೆಸಿಸ್ಟರ್ ಕೂರಿಸಿದರೆ ದೀಪ ಆರುತ್ತದೆ, ಯಾವ ತೊಂದರೆಯೂ ಇರುವುದಿಲ್ಲ ಎಂದು ಅವರು ಹೇಳಿದರು. ದೀಪ ಆರುವುದೇನೋ ನಿಜ, ಏಕೆಂದರೆ ಏರ್‌ಬ್ಯಾಗ್ ಇನ್ನೂ ಜೋಡಣೆಯಲ್ಲಿದೆಯೆಂದು ಕಂಟ್ರೋಲ್ ಯೂನಿಟ್ ನಂಬುತ್ತದೆ. ಆದರೆ ಅಪಘಾತವಾದಾಗ ಚೀಲ ತೆರೆದುಕೊಳ್ಳುವುದಿಲ್ಲ. ನಾವು ಕಾರು ಕೊಂಡ ಕಾಲದಲ್ಲಿ ಏರ್‌ಬ್ಯಾಗ್ ಕಡ್ಡಾಯವಾಗಿರಲಿಲ್ಲ. ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಹೆಚ್ಚು ಹಣ ಕೊಟ್ಟು ಆರಿಸಿಕೊಂಡ ರಕ್ಷಣೆಯನ್ನು ಒಂದು ರೆಸಿಸ್ಟರಿನ ಆಸೆಗೆ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಬೆಂಗಳೂರಿನಿಂದ ರಜೆಯಲ್ಲಿ ಬಂದಿದ್ದ ಮಗ ತಾನೇ ಬಿಚ್ಚುವೆನೆಂದು ಸ್ಟಿಯರಿಂಗನ್ನು ಎಳೆದು ಕಳಚುವ ಪುಲ್ಲರ್ ಒಂದನ್ನು ತರಿಸಿಯೂ ಇದ್ದ. ಬಿಚ್ಚುವುದು ಅಷ್ಟೇನೂ ಕಷ್ಟದ ಕೆಲಸವಲ್ಲವೆಂಬ ಅವನ ಮಾತು ಸುಳ್ಳಾಗಿರಲಿಲ್ಲ. ಆದರೆ ಬಿಚ್ಚಬೇಕಾದ ವಸ್ತುವಿನೊಳಗೆ ಸಿಡಿಮದ್ದು ಇದೆ ಎಂಬುದೇ ನನ್ನ ಚಿಂತೆಯಾಗಿತ್ತು. ಬಟ್ಟೆಯ ಚೀಲದ ಹಿಂದಿರುವ ಇನ್‌ಫ್ಲೇಟರಿನಲ್ಲಿ ರಾಸಾಯನಿಕವೊಂದು ಉರಿದು, 1 ಸೆಕೆಂಡಿನ 30ನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಚೀಲವನ್ನು ಅನಿಲದಿಂದ ತುಂಬಿಬಿಡುತ್ತದೆ. ಅದಕ್ಕೆ ಕಿಡಿ ಹಚ್ಚಲು ಬೇಕಾಗುವುದು 1 ಆಂಪಿಯರಿಗಿಂತ ತುಸು ಹೆಚ್ಚಿನ ಕರೆಂಟ್ ಮಾತ್ರ, ಅದೂ ಕ್ಷಣಾರ್ಧ. ಮಗ ಮಲ್ಟಿಮೀಟರ್ ಹಿಡಿದು ಏರ್‌ಬ್ಯಾಗಿನ ಓಮ್ ಅಳೆದು ನೋಡುವುದಾಗಿ ಹೇಳಿದಾಗ ನಾನು ತಡೆದದ್ದು ಇದೇ ಕಾರಣಕ್ಕೆ. ಅದನ್ನು ಮೀಟರಿನಿಂದ ನೇರವಾಗಿ ಎಂದಿಗೂ ಅಳೆಯಬಾರದೆಂದು ನಂತರ ಇಲೆಕ್ಟ್ರಿಶಿಯನ್ ಕೂಡ ಅವನಿಗೆ ಖಡಾಖಂಡಿತವಾಗಿ ಹೇಳಿದರು.

ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು ಚಾಸಿಸ್ ನಂಬರಿನ ಫೋಟೋವನ್ನು. ಬಿಡಿಭಾಗ ತರಿಸಲು ಅದು ಬೇಕೆಂಬುದು ನನಗೆ ಗೊತ್ತಿತ್ತು, ಆದರೆ ಅವರಿಗೆ ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಆ ಕಾರಿನ ಏರ್‌ಬ್ಯಾಗನ್ನು ಕಂಪನಿ ದೋಷವಿದೆಯೆಂದು ಹಿಂದಕ್ಕೆ ಕರೆದಿದೆಯೇ ಎಂಬುದಾಗಿತ್ತು. ಜಪಾನಿನ ತಕಾಟಾ ಕಂಪನಿಯ ಇನ್‌ಫ್ಲೇಟರುಗಳಲ್ಲಿ ಬಳಸಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿಲು ಮತ್ತು ತೇವಕ್ಕೆ ಸಿಕ್ಕಿ ಹದಗೆಟ್ಟು, ಸಿಡಿಯುವಾಗ ಲೋಹದ ಚೂರುಗಳನ್ನು ಎರಚುತ್ತಿತ್ತು. ಹಲವು ದೇಶಗಳಲ್ಲಿ ಜನರು ಸತ್ತರು, ಬಹುಸಂಖ್ಯೆಯ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು, 2017ರಲ್ಲಿ ಆ ಕಂಪನಿ ದಿವಾಳಿಯೂ ಆಯಿತು. ಭಾರತದಲ್ಲಿಯೂ ಆ ಇನ್‌ಫ್ಲೇಟರ್ ಇದ್ದ ಕಾರುಗಳನ್ನು ಹಿಂದಕ್ಕೆ ಕರೆದು ಉಚಿತವಾಗಿ ಬದಲಾಯಿಸಿಕೊಡಲಾಗಿದೆ. ತಿಂಗಳುಗಟ್ಟಲೆ ಮಳೆ ಸುರಿದು, ಉಳಿದ ಕಾಲದಲ್ಲಿ ಬೆವರಿಳಿಸುವ ನಮ್ಮಂಥ ಕರಾವಳಿಯಲ್ಲಿ ಈ ಪ್ರಶ್ನೆಯನ್ನು ಪ್ರತಿಯೊಬ್ಬ ಮೆಕ್ಯಾನಿಕನೂ ಕೇಳಬೇಕಿತ್ತು. ನಾವು ವಿಚಾರಿಸಿದ ನಾಲ್ಕು ಕಡೆಗಳಲ್ಲಿ ಕೇಳಿದವರು ಇವರೊಬ್ಬರೇ. ನಮ್ಮ ಕಾರು ಆ ಪಟ್ಟಿಯಲ್ಲಿರಲಿಲ್ಲ. ಹಳೆಯ ಏರ್‌ಬ್ಯಾಗ್ ಸರಿಯಾಗಿಯೇ ಇದೆಯೆಂದೂ, ತುಂಡಾಗಿರುವುದು ಕ್ಲಾಕ್ ಸ್ಪ್ರಿಂಗೇ ಇರಬೇಕೆಂದೂ ಹಾರ್ನ್, ಗುಂಡಿ, ದೀಪ ಮೂರೂ ಒಂದೇ ವಾರದಲ್ಲಿ ಕೆಟ್ಟದ್ದನ್ನು ಕೇಳಿಯೇ ಅವರು ಊಹಿಸಿದರು. ಸ್ಟಿಯರಿಂಗ್ ತಿರುಗುವಾಗ ವಯರುಗಳು ಸುತ್ತಿಕೊಂಡು ಹರಿಯದಂತೆ, ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಚಪ್ಪಟೆ ಕೇಬಲ್ ಅದು. ಹಾರ್ನ್, ಗುಂಡಿ, ಏರ್‌ಬ್ಯಾಗ್ ಮೂರಕ್ಕೂ ಕರೆಂಟ್ ಹಾಯುವುದು ಅದರ ಮೂಲಕವೇ.

ಹೇಳಿದ ದಿನ ಬರದೆ ಮರುದಿನ ಬಂದರು, ಅದನ್ನು ಮುಂದೆ ಹೇಳುತ್ತೇನೆ. ಬಂದವರು ಕಾರನ್ನು ಶೆಡ್ಡಿನ ನೆರಳಿನಲ್ಲಿ ಸಮತಟ್ಟಾದ ಜಾಗಕ್ಕೆ ತಂದು, ಮುಂದಿನ ಚಕ್ರಗಳನ್ನು ನೇರ ಮಾಡಿ, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲನ್ನು ಬಿಚ್ಚಿ ಅದಕ್ಕೆ ಬಟ್ಟೆ ಸುತ್ತಿದರು. ಆಮೇಲೆ ಚಾವಡಿಯಲ್ಲಿ ಬಂದು ಕುಳಿತುಬಿಟ್ಟರು. ಮಗ ಸ್ಕ್ರೂ ಡ್ರೈವರ್ ಹಿಡಿದು ಕಾಯುತ್ತಿರುವುದನ್ನು ಕಂಡು, ‘ಮಾಷ್ಟ್ರೇ, ಚಾಯ ಕುಡಿದಾಗಲಿ, ಮತ್ತೆ ಮುಟ್ಟುವ’ ಎಂದು ನನಗೆ ಹೇಳಿದರು. ಅಪಘಾತದಲ್ಲಿ ಬ್ಯಾಟರಿಯೇ ಕಿತ್ತುಹೋದರೂ ಏರ್‌ಬ್ಯಾಗ್ ತೆರೆದುಕೊಳ್ಳಬೇಕೆಂದು ಕಂಟ್ರೋಲ್ ಯೂನಿಟ್ಟಿನೊಳಗೆ ಕೆಪಾಸಿಟರ್ ಇಟ್ಟಿರುತ್ತಾರೆ; ಅದರಲ್ಲಿ ಉಳಿದ ಕರೆಂಟ್ ಇಳಿಯುವ ತನಕ ಏರ್‌ಬ್ಯಾಗಿನ ಹಳದಿ ವಯರಿಗೆ ಕೈ ಹಾಕುವಂತಿಲ್ಲ. ಒಂದು ಕಂಪನಿ ಒಂದೂವರೆ ನಿಮಿಷ, ಇನ್ನೊಂದು 3 ನಿಮಿಷ ಎಂದು ತಮ್ಮ ತಮ್ಮ ಕೈಪಿಡಿಯಲ್ಲಿ ಬರೆದಿರುತ್ತವೆ, ಆದರೆ ಇವರು ಯಾವ ಕಾರಾದರೂ ಕಾಲು ಗಂಟೆ ಕಾಯುತ್ತಾರೆ. ಇವರಿಗೆ ಕೊಡುವ ಮಜೂರಿ ನ್ಯಾಯವೆಂದು ನನಗೆ ಮನವರಿಕೆಯಾದದ್ದು ಆ ಕಾಲು ಗಂಟೆಯಲ್ಲಿ.

ಏರ್‌ಬ್ಯಾಗ್ ತೆಗೆಯುವ ಕ್ರಮ ಕಾರಿನಿಂದ ಕಾರಿಗೆ ಬೇರೆ. ನಮ್ಮದರಲ್ಲಿ ಸ್ಟಿಯರಿಂಗಿನ ಹಿಂಬದಿಯ ಎರಡು ರಂಧ್ರಗಳ ಮೂಲಕ ಸ್ಪ್ರಿಂಗ್ ಕ್ಲಿಪ್ಪುಗಳನ್ನು ಒತ್ತಿ ಸಡಿಲಿಸಬೇಕು, ಕೆಲವದರಲ್ಲಿ ಸ್ಕ್ರೂಗಳಿರುತ್ತವೆ. ಅದು ಸಡಿಲವಾದ ಕೂಡಲೇ ಎಳೆಯದೆ, ಮೆಲ್ಲನೆ ಮುಂದಕ್ಕೆ ಬಾಗಿಸಿ, ಹಳದಿ ಕನೆಕ್ಟರಿನ ಲಾಕನ್ನು ಮೊದಲು ಎತ್ತಿ, ಆಮೇಲೆ ಕನೆಕ್ಟರನ್ನು ಬಿಡಿಸಿದರು. ಅದಕ್ಕೂ ಮೊದಲು ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಹೋಗಲೆಂದು ಕಾರಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿಕೊಂಡಿದ್ದರು. ಹೊರತೆಗೆದ ಏರ್‌ಬ್ಯಾಗಿನ ಹೊದಿಕೆಯ ಬದಿಯನ್ನು ಮೈಯಿಂದ ಆಚೆಗೆ ತಿರುಗಿಸಿ ಹಿಡಿದು ಒಯ್ದು, ಮಕ್ಕಳು ಹೋಗದ ಮೂಲೆಯಲ್ಲಿ, ಹೊದಿಕೆ ಮೇಲ್ಮುಖವಾಗಿರುವಂತೆ ಇಟ್ಟರು. ಕವುಚಿ ಇಟ್ಟಾಗ ಸಿಡಿದರೆ ಇಡೀ ಲೋಹದ ಪೆಟ್ಟಿಗೆಯೇ ಮೇಲಕ್ಕೆ ಹಾರುತ್ತದೆ. ಮೇಲ್ಮುಖವಾಗಿದ್ದರೆ ತೆರೆದುಕೊಳ್ಳುವುದು ಚೀಲ ಮಾತ್ರ. ಈ ವಿಷಯವನ್ನು ಅವರು ಮಗನಿಗೆ ಎರಡು ಸಲ ಹೇಳಿದರು.

ಉಳಿದದ್ದು ಸ್ಪ್ಯಾನರ್ ಕೆಲಸ, ಆದರೆ ಅಲ್ಲಿಯೂ ಎರಡು ಸಂಗತಿಗಳನ್ನು ಗಮನಿಸಿದೆ. ನಡುವಿನ ನಟ್ಟನ್ನು ಸಡಿಲಿಸಿದ ಮೇಲೆ ಅದನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತಿನಷ್ಟು ಉಳಿಸಿ, ಶಾಫ್ಟಿಗೂ ಚಕ್ರಕ್ಕೂ ಒಂದೇ ಗೆರೆಯಾಗುವಂತೆ ಬಿಳಿ ಬಣ್ಣದ ಗುರುತು ಹಾಕಿ, ಆಮೇಲೆ ಪುಲ್ಲರ್ ಕೂರಿಸಿದರು. ಬಿಗಿಯಾಗಿ ಕಚ್ಚಿಕೊಂಡ ಚಕ್ರ ಒಮ್ಮೆಲೇ ಕಳಚಿದರೆ ಮುಖಕ್ಕೆ ಬಡಿಯುತ್ತದೆ. ಉಳಿಸಿದ ನಟ್ಟು ಅದನ್ನು ತಡೆಯುತ್ತದೆ. ಸುತ್ತಿಗೆಯನ್ನು ಅವರು ಮುಟ್ಟಲೇ ಇಲ್ಲ, ಏಕೆಂದರೆ ಅಪಘಾತದಲ್ಲಿ ಮುದುಡಿಕೊಳ್ಳುವಂತೆ ರಚಿಸಿದ ಸ್ಟಿಯರಿಂಗ್ ಕಾಲಂ ಹೊಡೆತಕ್ಕೆ ಹಾಳಾಗಬಹುದು. ಮಗ ತರಿಸಿದ್ದ ಪುಲ್ಲರನ್ನು ಕೇಳಿ ಪಡೆದು ಅದನ್ನೇ ಬಳಸಿದರು. ಅದರ ಬೋಲ್ಟುಗಳು ನಮ್ಮ ಕಾರಿನ ರಂಧ್ರಗಳಿಗೆ ಸರಿಯಾಗಿ ಹೊಂದಿದವು. ಅವನಿಗೆ ಅದರಿಂದಾದ ಸಂತೋಷವನ್ನು ನಾನು ಇಲ್ಲಿ ದಾಖಲಿಸಲೇಬೇಕು.

ಹಳೆಯ ಕ್ಲಾಕ್ ಸ್ಪ್ರಿಂಗನ್ನು ತೆರೆದು ತೋರಿಸಿದಾಗ ಕೇಬಲ್ ಒಳತುದಿಯಲ್ಲಿ ಸೀಳಿಹೋಗಿತ್ತು. ಹೊಸದು ನಡುವಿನ ಸ್ಥಾನದಲ್ಲಿ ನಿಂತಿರುವಂತೆ ಲಾಕ್ ಹಾಕಿಯೇ ಬಂದಿತ್ತು, ಅದನ್ನು ಕೂರಿಸುವ ತನಕ ಅವರು ಲಾಕ್ ತೆಗೆಯಲಿಲ್ಲ. ಈ ನಡುವಿನ ಸ್ಥಾನ ಬಹಳ ಮುಖ್ಯ. ಎರಡೂ ಬದಿಗೆ ಸಮಾನ ಸುತ್ತು ತಿರುಗುವಷ್ಟು ಉದ್ದ ಮಾತ್ರ ಆ ಕೇಬಲಿಗೆ ಇರುತ್ತದೆ. ಒಂದು ಸುತ್ತು ಆಚೀಚೆಯಾಗಿ ಕೂರಿಸಿದರೆ ಆ ದಿನ ಎಲ್ಲವೂ ಸರಿಯಾಗಿ ಕೆಲಸ ಮಾಡಿ, ಮುಂದೊಂದು ದಿನ ಇಕ್ಕಟ್ಟಿನ ಜಾಗದಲ್ಲಿ ಕಾರು ತಿರುಗಿಸುವಾಗ ಸ್ಟಿಯರಿಂಗ್ ಕೊನೆಯ ತನಕ ತಿರುಗಿ ಕೇಬಲ್ ಹರಿಯುತ್ತದೆ. ಆಗ ಗ್ರಾಹಕ ಬಿಡಿಭಾಗವನ್ನು ಬೈಯುತ್ತಾನೆ, ತಪ್ಪು ಕೂರಿಸಿದ ಕೈ ಯಾರದೆಂದು ಗೊತ್ತಾಗುವುದಿಲ್ಲ.

ಹೊಸ ಸ್ಟಿಯರಿಂಗನ್ನು ಬಿಳಿ ಗುರುತಿಗೆ ಸರಿಯಾಗಿ ಕೂರಿಸಿ, ನಟ್ಟನ್ನು, ಬಿಗಿತವನ್ನು (ಟಾರ್ಕ್) ಅಳೆದು ಬಿಗಿಯುವ ಟಾರ್ಕ್ ವ್ರೆಂಚಿನಿಂದ ಬಿಗಿದರು. ನಮ್ಮ ಕಾರಿಗೆ ಎಷ್ಟು ಟಾರ್ಕ್ ಎಂಬುದು ಅವರಿಗೆ ನೆನಪಿರಲಿಲ್ಲ. ಅಂದಾಜಿನಲ್ಲಿ ಬಿಗಿಯದೆ, ಪರಿಚಯದವರೊಬ್ಬರಿಗೆ ಫೋನ್ ಮಾಡಿ ಕೈಪಿಡಿಯ ಪುಟದ ಫೋಟೋ ತರಿಸಿಕೊಂಡು ನೋಡಿದರು. ಏರ್‌ಬ್ಯಾಗ್ ಜೋಡಿಸಿ ಮುಗಿದ ನಂತರ ಬ್ಯಾಟರಿ ಮತ್ತೆ ಜೋಡಿಸುವಾಗ ಕಾರಿನೊಳಗೆ ಯಾರೂ ಇರಬಾರದೆಂದು ಹೇಳಿ, ತಾವೂ ಹೊರಗೆ ಬದಿಯಲ್ಲಿ ನಿಂತು ಕೈ ಚಾಚಿ ಕೀ ತಿರುಗಿಸಿದರು. ಕೆಂಪು ದೀಪ ಹತ್ತಿ, ಕೆಲವು ಸೆಕೆಂಡುಗಳಲ್ಲಿ ಆರಿತು. ಹೀಗೆ ಹತ್ತಿ ಆರಬೇಕಾದದ್ದೇ ಕ್ರಮ; ಕೀ ತಿರುಗಿಸಿದಾಗ ದೀಪ ಹತ್ತದೇ ಇರುವ ಕಾರಿನಲ್ಲಿ ಯಾರೋ ಬಲ್ಬನ್ನು ತೆಗೆದಿರುವ ಸಾಧ್ಯತೆಯಿದೆಯೆಂದು ಹಳೆಯ ಕಾರು ಕೊಳ್ಳುವವರು ತಿಳಿದಿರಬೇಕು. ಅನಂತರ ಸ್ಕ್ಯಾನರ್ ಹಾಕಿ ಹಳೆಯ ದೋಷದ ಕೋಡನ್ನು ಅಳಿಸಿ, ಸ್ಟಿಯರಿಂಗನ್ನು ಎಡದ ಕೊನೆಯಿಂದ ಬಲದ ಕೊನೆಯ ತನಕ ತಿರುಗಿಸುತ್ತ ಉದ್ದಕ್ಕೂ ಹಾರ್ನ್ ಒತ್ತಿ ನೋಡಿದರು. ನೆರೆಮನೆಯವರು ಏನಾಯಿತೆಂದು ನೋಡಲು ಬೇಲಿಯ ಬಳಿಗೆ ಬಂದರು.

ಕ್ಲಾಕ್ ಸ್ಪ್ರಿಂಗಿಗೆ 3,650 ರೂಪಾಯಿ, ಸ್ಟಿಯರಿಂಗಿಗೆ 4,200 ರೂಪಾಯಿ, ಮನೆಗೆ ಬಂದು ಮಾಡಿದ ಕೆಲಸಕ್ಕೆ 1,400 ರೂಪಾಯಿ ಆಯಿತು. ಎರಡೂ ಬಿಡಿಭಾಗಗಳ ಕಂಪನಿಯ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಒಡೆದರು, ಹಳೆಯದನ್ನು ಕೇಳುವ ಮೊದಲೇ ನಮಗೆ ಒಪ್ಪಿಸಿದರು.

ಕೊರತೆಗಳೂ ಇವೆ, ಅವನ್ನು ಮುಚ್ಚಿಟ್ಟರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಹೇಳಿದ ದಿನ ಅವರು ಬರಲಿಲ್ಲ, ಬರುವುದಿಲ್ಲವೆಂದು ಫೋನ್ ಮಾಡಿ ತಿಳಿಸಲೂ ಇಲ್ಲ. ಮಗ ಒಂದು ದಿನದ ರಜೆಯನ್ನು ಮುಂದುವರಿಸಬೇಕಾಯಿತು. ಸ್ಟಿಯರಿಂಗಿನ ಕೆಳಗಿನ ಪ್ಲಾಸ್ಟಿಕ್ ಕವಚವನ್ನು ಕಬ್ಬಿಣದ ಸ್ಕ್ರೂ ಡ್ರೈವರಿನಿಂದ ಎಬ್ಬಿದ್ದರಿಂದ ಅದರ ಅಂಚಿನಲ್ಲಿ ಒಂದು ಗೀರು ಬಿದ್ದಿದೆ. ಇಷ್ಟು ಎಚ್ಚರದ ಕೆಲಸಗಾರರು ಕೆಲವು ನೂರು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಉಪಕರಣಗಳನ್ನು ಇಟ್ಟುಕೊಳ್ಳಬೇಕಿತ್ತು. ಕೆಲಸದ ಬಿಲ್ಲನ್ನು ನಾನು ಕೇಳಿದ ಮೇಲೆಯೇ ಕೈಬರಹದಲ್ಲಿ ಬರೆದುಕೊಟ್ಟರು. ಬಿಡಿಭಾಗಕ್ಕೆ ವಾರಂಟಿ ಇರುವಾಗ ಅದನ್ನು ಹಾಕಿದ ದಿನಾಂಕ ಮತ್ತು ಕಿಲೋಮೀಟರ್ ಬರಹದಲ್ಲಿರುವುದು ಗ್ರಾಹಕನಿಗೆ ಅತ್ಯಗತ್ಯ. ಸ್ಟಿಯರಿಂಗ್ ಎಷ್ಟು ತಿರುಗಿದೆಯೆಂದು ಅಳೆಯುವ ಆ್ಯಂಗಲ್ ಸೆನ್ಸರ್ ಇರುವ ಕಾರುಗಳಿಗೆ ಕೆಲಸದ ನಂತರ ಅದನ್ನು ಸರಿಹೊಂದಿಸುವ ಕ್ಯಾಲಿಬ್ರೇಶನ್ ಬೇಕಾಗಬಹುದು, ಅದು ತಮ್ಮ ಸ್ಕ್ಯಾನರಿನಲ್ಲಿ ಆಗುವುದಿಲ್ಲವೆಂದು ಅವರೇ ಒಪ್ಪಿಕೊಳ್ಳುತ್ತಾರೆ. ಅಂಥ ಕಾರುಗಳನ್ನು ಅವರು ಮುಟ್ಟುವುದಿಲ್ಲ. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ.

ಅವರನ್ನು ಕರೆಸಬೇಕೆಂದಿರುವವರು ಬದಿಯಡ್ಕ ಪೇಟೆಯಲ್ಲಿ ಆಟೋ ಚಾಲಕರನ್ನು ಕೇಳಿದರೆ ಅಂಗಡಿ ತೋರಿಸುತ್ತಾರೆ. ಶುಕ್ರವಾರ ಮಧ್ಯಾಹ್ನ ಅವರು ಸಿಗುವುದಿಲ್ಲ. ಚಾಸಿಸ್ ನಂಬರಿನ ಫೋಟೋ ಮೊದಲೇ ಕೊಟ್ಟು, ಬ್ಯಾಟರಿ ಬಿಚ್ಚಿದ ಮೇಲೆ ಕೋಡ್ ಕೇಳುವ ರೇಡಿಯೋ ಆಗಿದ್ದರೆ ಆ ಕೋಡನ್ನು ಹುಡುಕಿ ಬರೆದಿಟ್ಟುಕೊಂಡು, ಬರುವ ದಿನದ ಬೆಳಿಗ್ಗೆ ಇನ್ನೊಮ್ಮೆ ಫೋನ್ ಮಾಡಿ ನೆನಪಿಸಬೇಕು.