ಐದು ಮಳೆಗಾಲ ಕಂಡ ಜೋಡಿ: ಏಳು ಹಲ್ಲಿನ ಕಲ್ಟಿವೇಟರ್, ಆರಡಿ ಲೆವೆಲರ್ ಬ್ಲೇಡ್

ಟ್ರ್ಯಾಕ್ಟರ್ ಹಿಂದೆ ಕಟ್ಟುವ ಈ ಎರಡು ಸಾಧನ, ಅಂದರೆ ನೆಲ ಕೀಳುವ ಕಲ್ಟಿವೇಟರ್ ಮತ್ತು ಮಣ್ಣು ಎಳೆದು ಹರಡುವ ಬ್ಲೇಡ್, ಬಳಸಿದ ಜಾಗ ಬೇಲೂರು ತಾಲ್ಲೂಕಿನ ಒಂದು ಮನೆಯ ಸುತ್ತಲಿನ ಅರ್ಧ ಎಕರೆ ಅಂಗಳ, ಹಿತ್ತಲು. ಕೆಂಪು ಗರಸು ಮಣ್ಣು. ಮನೆ ಕಟ್ಟುವಾಗ ಟಿಪ್ಪರ್ ಓಡಾಡಿ ನೆಲ ಕಲ್ಲಿನಂತೆ ಕೂತಿತ್ತು. ಟ್ರ್ಯಾಕ್ಟರ್ 35 ಎಚ್‌ಪಿಯದ್ದು. ಆಗಬೇಕಿದ್ದ ಕೆಲಸ ಒಂದೇ: ಪಾಯದ ಕಡೆ ಬರುತ್ತಿದ್ದ ಮಳೆನೀರನ್ನು ತಡೆದು, ವಾಟವನ್ನು (ನೀರು ಹರಿಯುವ ಇಳಿಜಾರನ್ನು) ರಸ್ತೆ ಬದಿಯ ಚರಂಡಿಗೆ ತಿರುಗಿಸುವುದು.

ಮೊದಲೇ ಹೇಳಿಬಿಡುತ್ತೇನೆ, ಬ್ಲೇಡ್ ಒಂದನ್ನೇ ಕೊಂಡರೆ ದುಡ್ಡು ದಂಡ. ಮಣ್ಣು ಕೀಳುವುದು ಬ್ಲೇಡಿನ ಕೆಲಸವಲ್ಲ. ಕಿತ್ತ ಮಣ್ಣನ್ನು ಎಳೆದು ಹರಡುವುದಷ್ಟೇ ಅದರ ಕೆಲಸ. ಗಟ್ಟಿ ನೆಲದ ಮೇಲೆ ಬರೀ ಬ್ಲೇಡ್ ಇಳಿಸಿದರೆ ಜಾರುತ್ತಾ ಹೋಗುತ್ತದೆ, ಎಲ್ಲೋ ಒಂದು ಕಡೆ ಕಚ್ಚಿ ಗುಂಡಿ ಮಾಡುತ್ತದೆ. ಕಲ್ಟಿವೇಟರ್ ಜೊತೆಗಿದ್ದರೆ ಇದೇ ಬ್ಲೇಡಿನಿಂದ ಎರಡು ದಿನದಲ್ಲಿ ಅಂಗಳ ಮುಗಿಯುತ್ತದೆ.

ಮಣ್ಣಿನ ಹದ ನೋಡದೆ ಕೈ ಹಾಕಬೇಡಿ. ಅರ್ಧ ಅಡಿ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹಿಸುಕಿ. ಉಂಡೆ ಕಟ್ಟಿ, ಹೆಬ್ಬೆರಳಲ್ಲಿ ಒತ್ತಿದಾಗ ಬಿರುಕು ಬಿಟ್ಟು ಪುಡಿಯಾದರೆ ಅದೇ ಹದ. ಬೆರಳಚ್ಚು ಮೂಡಿ ಉಂಡೆ ಹಾಗೇ ಉಳಿದರೆ ಎರಡು ಮೂರು ದಿನ ಕಾಯಿರಿ; ಹಸಿ ಮಣ್ಣಿನ ಮೇಲೆ ಟ್ರ್ಯಾಕ್ಟರ್ ಓಡಿಸಿದರೆ ಸಡಿಲ ಮಾಡಿದ್ದಕ್ಕಿಂತ ಹೆಚ್ಚು ಜಾಗ ಚಕ್ರದಡಿ ಮತ್ತೆ ಗಟ್ಟಿಯಾಗುತ್ತದೆ. ಉಂಡೆಯೇ ಕಟ್ಟದೆ ಬೆರಳ ಸಂದಿಯಿಂದ ಉದುರಿದರೆ ಕುಳ (ಹಲ್ಲಿನ ತುದಿಯ ಕಬ್ಬಿಣ) ಇಳಿಯುವುದಿಲ್ಲ, ಇಳಿದರೂ ತಲೆಗಾತ್ರದ ಹೆಂಟೆ ಏಳುತ್ತದೆ. ಮುಂಗಾರಿಗೆ ಮುಂಚಿನ ಭರಣಿ, ಕೃತ್ತಿಕೆ ಮಳೆ ಒಂದೆರಡು ಬಿದ್ದು ನೆಲ ಆರಿದ ವಾರವೇ ಇದಕ್ಕೆ ಸರಿಯಾದ ಕಾಲ. ಸಕಲೇಶಪುರ, ಮೂಡಿಗೆರೆ ಕಡೆ ಮುಂಗಾರು ಹಿಡಿದ ಮೇಲೆ ಈ ಕೆಲಸ ಆಗದು. ಅರಸೀಕೆರೆ, ಕಡೂರು ಕಡೆಯವರಿಗೆ ಸಮಯ ಜಾಸ್ತಿ ಸಿಗುತ್ತದೆ. ಆದರೆ ಅಲ್ಲಿ ಎರೆಮಣ್ಣು ಇರುವ ಕಡೆ ಹದ ಒಂದೆರಡು ದಿನವಷ್ಟೇ ಇರುತ್ತದೆ, ತಪ್ಪಿದರೆ ಅಂಟು ಇಲ್ಲವೇ ಬಿರುಕು.

ಕಲ್ಟಿವೇಟರ್ ಸ್ಪ್ರಿಂಗ್ ಇರುವುದು. ಬೇರು, ಬಂಡೆ ತಾಗಿದಾಗ ಹಲ್ಲು ಹಿಂದಕ್ಕೆ ಬಾಗಿ ಮತ್ತೆ ಕೂರುತ್ತದೆ. ಗರಸಿನಲ್ಲಿ ಇದು ದೊಡ್ಡ ಉಪಕಾರ, ಐದು ವರ್ಷದಲ್ಲಿ ಒಂದು ಹಲ್ಲೂ ಮುರಿದಿಲ್ಲ. ಕೊರತೆಯೂ ಅಲ್ಲೇ ಇದೆ: ತುಂಬಾ ಗಟ್ಟಿ ನೆಲದಲ್ಲಿ ಏಳೂ ಹಲ್ಲು ಒಟ್ಟಿಗೆ ಇಳಿಯದೆ, ಸ್ಪ್ರಿಂಗ್ ಹಿಗ್ಗಿ, ಎರಡು ಇಂಚು ಕೆರೆದು ಸುಮ್ಮನಾಗುತ್ತದೆ. ಪರಿಹಾರ ಸುಲಭ. ಒಂದು ಬಿಟ್ಟು ಒಂದರಂತೆ ಮೂರು ಹಲ್ಲು ಬಿಚ್ಚಿಡಿ. ಅದೇ ಭಾರ ನಾಲ್ಕೇ ಕುಳದ ಮೇಲೆ ಬೀಳುವುದರಿಂದ ಆಳಕ್ಕೆ ಹೋಗುತ್ತದೆ. ಟಾಪ್ ಲಿಂಕನ್ನು (ಸಾಧನವನ್ನು ಮೇಲ್ಗಡೆ ಟ್ರ್ಯಾಕ್ಟರಿಗೆ ಹಿಡಿಯುವ ತಿರುಪಿನ ಸರಳನ್ನು) ಎರಡು ಮೂರು ಸುತ್ತು ಗಿಡ್ಡ ಮಾಡಿದರೆ ಮೂತಿ ಕೆಳಗಾಗಿ ಇನ್ನೂ ಚೆನ್ನಾಗಿ ಕಚ್ಚುತ್ತದೆ. ಮೊದಲ ಸಲ ಉದ್ದಕ್ಕೆ ಮೂರು ನಾಲ್ಕು ಇಂಚು, ಎರಡನೇ ಸಲ ಅಡ್ಡಕ್ಕೆ ಆರು ಇಂಚು. ಆಮೇಲೆ ಬಿಚ್ಚಿದ ಹಲ್ಲು ಹಾಕಿ, ಟಾಪ್ ಲಿಂಕ್ ಮೊದಲಿನ ಅಳತೆಗೆ ತಂದು, ಚೌಕಟ್ಟು ನೆಲಕ್ಕೆ ಸಮವಾಗಿರುವಂತೆ ಇನ್ನೊಂದು ಸಲ. ಒಂದೇ ಸಲಕ್ಕೆ ಎಂಟು ಇಂಚು ಹೋಗಲು ನೋಡಿದರೆ ಹಿಂದಿನ ಚಕ್ರ ತಿರುಗಿ ಗುಂಡಿ ಬೀಳುತ್ತದೆ.

ತಿರುಗುವ ಅಲಗುಗಳಿಂದ ಮಣ್ಣು ಪುಡಿ ಮಾಡುವ ರೋಟಾವೇಟರ್ ಸಾಲದೇ ಎಂದು ತುಂಬಾ ಜನ ಕೇಳುತ್ತಾರೆ. ತರಕಾರಿ ಮಡಿಗೆ ಸರಿ, ವಾಟ ತಿದ್ದಲು ಬೇಡ. ಮೇಲಿನ ನಾಲ್ಕೈದು ಇಂಚು ಹಿಟ್ಟು ಮಾಡಿ, ಅದರಡಿ ನುಣುಪಾದ ಗಟ್ಟಿ ಪದರ ಬಿಡುತ್ತದೆ. ಮೊದಲ ಜೋರು ಮಳೆಗೆ ಆ ಹಿಟ್ಟೆಲ್ಲ ಚರಂಡಿ ಪಾಲು. ಗರಸಿನ ಕಲ್ಲು ತಾಗಿ ಅದರ ಬ್ಲೇಡುಗಳೂ ಬೇಗ ಸವೆಯುತ್ತವೆ.

ಇನ್ನು ವಾಟ. ಕಣ್ಣಂದಾಜು ನಂಬಬೇಡಿ. ಗಾರೆಯವರು ಮಟ್ಟ ನೋಡುವ ನೀರಿನ ಟ್ಯೂಬೇ ಸಾಕು, ಆದರೆ ಒಳಗೆ ಗಾಳಿಗುಳ್ಳೆ ಇರಬಾರದು. ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿ. ಕಡಲೆಕಾಳಿನಷ್ಟು ಗುಳ್ಳೆಗಳು ಸಾಲಾಗಿ ನಿಂತಿದ್ದರೂ ಎರಡು ತುದಿಯ ನೀರು ಒಂದೇ ಮಟ್ಟ ತೋರಿಸುವುದಿಲ್ಲ. ಗೋಡೆಯಿಂದ ಮೊದಲ 10 ಅಡಿಗೆ 6 ಇಂಚು ಇಳಿತ, ಆಮೇಲೆ ಪ್ರತಿ 10 ಅಡಿಗೆ ಎರಡೂವರೆ ಇಂಚು. ಹತ್ತಡಿಗೊಂದು ಗೂಟ ಹೊಡೆದು ದಾರ ಕಟ್ಟಿ. ಮಣ್ಣು ಪ್ಲಿಂತ್ (ಪಾಯದ ಮೇಲ್ತುದಿ) ಮಟ್ಟಕ್ಕಿಂತ ಅರ್ಧ ಅಡಿಯಾದರೂ ಕೆಳಗೇ ನಿಲ್ಲಲಿ, ಇಲ್ಲವಾದರೆ ಗೋಡೆಗೆ ತೇವ ಏರುತ್ತದೆ. ನೀರಿನ ಪೈಪು, ಬೋರ್‌ವೆಲ್ ಕೇಬಲ್, ಅರ್ಥಿಂಗ್ ಗುಂಡಿ, ಶೌಚದ ಗುಂಡಿ ಎಲ್ಲವನ್ನೂ ಸುಣ್ಣದಲ್ಲಿ ಗುರುತು ಮಾಡಿ. ಶೌಚದ ಗುಂಡಿಯ ಸ್ಲ್ಯಾಬ್ ಮೇಲೆ ಟ್ರ್ಯಾಕ್ಟರ್ ಹತ್ತಿಸಲೇಬಾರದು. ಗೋಡೆ ಪಕ್ಕದ ಮೂರಡಿಗೆ ಗುದ್ದಲಿ, ಸಲಿಕೆಯೇ ಗತಿ.

ಬ್ಲೇಡ್ ಕೆಲಸ ಶುರುವಾಗುವುದು ಮೇಲ್ಮಣ್ಣಿನಿಂದ. ಮೇಲಿನ ನಾಲ್ಕು ಇಂಚು ಕಪ್ಪಗಿನ ಮಣ್ಣನ್ನು ಒಂದು ಬದಿಗೆ ಎಳೆದು ಗುಡ್ಡೆ ಹಾಕಿ, ಅಡಿಯ ಗರಸನ್ನು ತಿದ್ದಿ, ಕೊನೆಗೆ ಮತ್ತೆ ಹರಡಬೇಕು. ಇದನ್ನು ಬಿಟ್ಟರೆ ಗರಸು ಮೇಲೆ ಬಂದು ಹುಲ್ಲೂ ಹುಟ್ಟುವುದಿಲ್ಲ.

ಅಲಗಿನ (ಬ್ಲೇಡಿನ ಕೆಳ ಅಂಚಿನ ಪಟ್ಟಿಯ) ತುದಿ ಮುಂದಕ್ಕೆ ಚಾಚಿದಷ್ಟೂ ಕಚ್ಚುತ್ತದೆ, ನೆಟ್ಟಗಾದರೆ ಸವರುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಹೈಡ್ರಾಲಿಕ್‌ನಲ್ಲಿ. ಕಲ್ಟಿವೇಟರ್‌ಗೆ ಎಳೆತದ ಭಾರ ನೋಡಿ ಎತ್ತಿಳಿಸುವ ಡ್ರಾಫ್ಟ್ ಲಿವರ್ ಸರಿ, ಬ್ಲೇಡಿಗೆ ಇಟ್ಟ ಎತ್ತರದಲ್ಲೇ ನಿಲ್ಲಿಸುವ ಪೊಸಿಷನ್ ಲಿವರನ್ನೇ ಬಳಸಿ. ಡ್ರಾಫ್ಟ್‌ನಲ್ಲಿ ಬಿಟ್ಟರೆ ಮಣ್ಣಿನ ಭಾರ ಹೆಚ್ಚಾದಾಗಲೆಲ್ಲ ಬ್ಲೇಡ್ ತಾನೇ ಎದ್ದು, ಹಗುರಾದಾಗ ಇಳಿದು, ಅಂಗಳವೆಲ್ಲ ಅಲೆ ಅಲೆ. ಅಲೆ ಬಿದ್ದಮೇಲೆ ಅದೇ ದಾರಿಯಲ್ಲಿ ಮತ್ತೆ ಓಡಿಸಿದರೆ ಮುಂದಿನ ಚಕ್ರ ತಗ್ಗಿಗಿಳಿದಾಗ ಬ್ಲೇಡ್ ಏಳುತ್ತದೆ, ಅಲೆ ಇನ್ನೂ ಬೆಳೆಯುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ, ಲೋ ಒಂದನೇ ಗೇರಿನಲ್ಲಿ, ಅಲಗಿನ ಮುಂದೆ ಅರ್ಧ ಮಾತ್ರ ಮಣ್ಣು ತುಂಬಿರುವಂತೆ ಎಳೆಯಿರಿ. ಸಾಧನ ಅಕ್ಕಪಕ್ಕ ಓಲಾಡದಂತೆ ತಡೆಯುವ ಚೆಕ್ ಚೈನ್ ಬಿಗಿಯಾಗಿರಲಿ. ಚರಂಡಿ ಅಂಚು ಕತ್ತರಿಸಲು ಬಲಗಡೆಯ ಲಿಫ್ಟ್ ರಾಡ್ (ಸಾಧನ ಎತ್ತುವ ಸರಳು) ಹಿಡಿ ತಿರುಗಿಸಿ ಬ್ಲೇಡನ್ನು ಓರೆ ಮಾಡಬಹುದು. ರಿವರ್ಸ್‌ನಲ್ಲಿ ಗುಡ್ಡೆಗೆ ಗುದ್ದಬೇಡಿ, ಸಾಧನವನ್ನು ಕೆಳಗೆ ಹಿಡಿಯುವ ತೋಳು, ಅಂದರೆ ಲೋವರ್ ಲಿಂಕ್ ಬಾಗುತ್ತದೆ.

ಕಿತ್ತ ಮಣ್ಣು ಸುಮಾರು ಕಾಲು ಭಾಗ ಉಬ್ಬುತ್ತದೆ. 30×40 ಅಡಿ ಜಾಗದಲ್ಲಿ ಮೂರು ಇಂಚು ಎಂದರೆ 300 ಘನ ಅಡಿ, ಸಡಿಲವಾದಾಗ 375ರ ಹತ್ತಿರ. ಹಾಗಾಗಿ ತಗ್ಗು ತುಂಬುವಾಗ ಆರಾರು ಇಂಚಿನ ಪದರ ಹಾಕಿ, ಪ್ರತಿ ಪದರದ ಮೇಲೂ ಚಕ್ರ ಓಡಿಸಿ ಕೂರಿಸಬೇಕು. ಒಮ್ಮೆಲೇ ತುಂಬಿದ ಕಡೆ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕುಸಿದು ನೀರು ನಿಂತಿತು. ಮರುವರ್ಷ ಅಲ್ಲಷ್ಟೇ ಮತ್ತೆ ಕಿತ್ತು ತುಂಬಬೇಕಾಯಿತು.

ಸವೆತದ ಲೆಕ್ಕ: ಕುಳಗಳು ಎರಡೂ ತುದಿ ಬಳಸುವಂಥವು, ಎರಡನೇ ವರ್ಷ ತಿರುಗಿಸಿ ಹಾಕಿದ್ದು, ನಾಲ್ಕನೇ ವರ್ಷ ಹೊಸವು. ಹಲ್ಲಿನ ಕ್ಲ್ಯಾಂಪ್ ಬೋಲ್ಟ್‌ಗಳು ಮೊದಲ ದಿನವೇ ಸಡಿಲವಾಗುತ್ತವೆ, ಮಧ್ಯಾಹ್ನ ಒಮ್ಮೆ ಸ್ಪ್ಯಾನರ್ ಹಿಡಿಯಿರಿ. ಬ್ಲೇಡ್ ಹಗುರ ಎಂಬುದೇ ನನ್ನ ದೊಡ್ಡ ದೂರು. 50 ಕೆಜಿಯ ಎರಡು ಮರಳು ಚೀಲ ಬಿಗಿದರಷ್ಟೇ ಸರಿಯಾಗಿ ಕೂರುತ್ತದೆ. ಅಲಗಿನ ಬಲ ಮೂಲೆ ಎಡಕ್ಕಿಂತ ಬೇಗ ಸವೆದಿದೆ, ಓರೆ ಎಳೆಯುವಾಗ ಭಾರವೆಲ್ಲ ಅಲ್ಲೇ ಬೀಳುತ್ತದೆ. ಹಳೇ ಲಾರಿ ಕಮಾನು ಪಟ್ಟಿಯನ್ನು ವೆಲ್ಡ್ ಮಾಡಿಸಿದ್ದು ಬೆಸುಗೆ ಪಕ್ಕದಲ್ಲೇ ಸೀಳಿತು, ಆ ಉಕ್ಕು ಬಿಸಿ ಮಾಡದೆ ಬೆಸೆದರೆ ನಿಲ್ಲುವುದಿಲ್ಲ. ಬೋಲ್ಟ್ ಹಾಕಿ ಕೂರಿಸುವ ಅಲಗೇ ಇರುವ ಬ್ಲೇಡ್ ತೆಗೆದುಕೊಳ್ಳಿ. ಪಿನ್ ಅಳತೆಯನ್ನೂ ನೋಡಿ: ಲೋವರ್ ಲಿಂಕ್ ಪಿನ್ ಟ್ರ್ಯಾಕ್ಟರ್ ಜೋಡಣೆಯ ಒಂದನೇ ವರ್ಗಕ್ಕೆ (ಕೆಟಗರಿ 1) 22 ಮಿ.ಮೀ., ಎರಡನೇ ವರ್ಗಕ್ಕೆ 28 ಮಿ.ಮೀ. ತೆಳು ಪಿನ್ ದೊಡ್ಡ ತೂತಿನಲ್ಲಿ ಓಡಾಡಿದರೆ ಎರಡೂ ಹಾಳು.

ಒಂದೇ ಸಲದ ಕೆಲಸವಾದರೆ ಕೊಳ್ಳುವ ಅಗತ್ಯವಿಲ್ಲ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ, ಅಥವಾ ಊರಿನಲ್ಲೇ ಬಾಡಿಗೆಗೆ ತನ್ನಿ. ತರುವ ಮುನ್ನ ಅಲಗಿನ ಎರಡು ತುದಿಗೆ ದಾರ ಬಿಗಿದು ನೋಡಿ. ನಡುವೆ ಅರ್ಧ ಇಂಚಿಗಿಂತ ಹೆಚ್ಚು ಸಂದು ಕಂಡರೆ ಬೇರೆ ಬ್ಲೇಡ್ ಕೇಳಿ.