ಟೇಸ್ಟಿಂಗ್ ಪೌಡರ್ ಹಾಕುವುದಿಲ್ಲವೆಂದ ಹೋಟೆಲಿನಲ್ಲಿ ಒಂದು ಊಟ

ಟೇಸ್ಟಿಂಗ್ ಪೌಡರ್, ಅಂದರೆ ರುಚಿ ಹೆಚ್ಚಿಸಲು ಬೆರೆಸುವ ಮೊನೊಸೋಡಿಯಂ ಗ್ಲುಟಮೇಟ್ ಎಂಬ ಲವಣ, ಮೈಗೆ ಒಗ್ಗದ ನನ್ನಂಥವರು ಹೊರಗೆ ಉಣ್ಣುವ ಮೊದಲು ವಿಚಾರಿಸಲೇಬೇಕು. ಬೆಂಗಳೂರಿನ ನಮ್ಮ ಬಡಾವಣೆಯ ಈ ಚಿಕ್ಕ ಚೈನೀಸ್ ಹೋಟೆಲಿನ ಬಾಗಿಲಲ್ಲೇ ‘ಟೇಸ್ಟಿಂಗ್ ಪೌಡರ್ ಬಳಸುವುದಿಲ್ಲ’ ಎಂಬ ಫಲಕವಿದ್ದುದರಿಂದ ನೆಮ್ಮದಿಯಿಂದ ಒಳಗೆ ಹೋದೆವು. ವೆಜ್ ಫ್ರೈಡ್ ರೈಸ್ ನಿಜಕ್ಕೂ ಚೆನ್ನಾಗಿತ್ತು: ಅನ್ನ ಉದುರುದುರಾಗಿತ್ತು, ಬೀನ್ಸ್ ಹಸಿರು ಬಣ್ಣ ಕಳೆದುಕೊಂಡಿರಲಿಲ್ಲ, ಎಣ್ಣೆಯೂ ಹಿತಮಿತವಾಗಿತ್ತು. ಆದರೆ ಅಣಬೆ ಸೂಪು ಕುಡಿದ ಅರ್ಧ ಗಂಟೆಯೊಳಗೆ ನನ್ನ ಕತ್ತು ಬಿಸಿಯೇರಿ ತಲೆ ಸಿಡಿಯತೊಡಗಿತು.

ಕೇಳಿದಾಗ ಅಡುಗೆಯವರು ಮುಚ್ಚುಮರೆಯಿಲ್ಲದೆ ಸೂಪಿನ ಪುಡಿಯ ಪೊಟ್ಟಣವನ್ನೇ ತಂದು ತೋರಿಸಿದರು. ಅದರ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 627 ಮತ್ತು 631 ಎಂಬ, ಬೆರಕೆ ಪದಾರ್ಥಗಳನ್ನು ಸೂಚಿಸುವ ಸಂಖ್ಯೆಗಳಿದ್ದವು. ಇವು ಟೇಸ್ಟಿಂಗ್ ಪೌಡರನ್ನು ಸೂಚಿಸುವ 621 ಅಲ್ಲ, ನಿಜ. ಆದರೆ ಗ್ಲುಟಮೇಟಿನ ರುಚಿಯನ್ನು ಹಲವು ಪಟ್ಟು ಹೆಚ್ಚಿಸಲೆಂದೇ ಬೆರೆಸುವ ಲವಣಗಳು. ಅಣಬೆ, ಟೊಮೆಟೊ, ಸೋಯಾ ಸಾಸ್‌ಗಳಲ್ಲಂತೂ ಗ್ಲುಟಮೇಟ್ ತಾನಾಗಿಯೇ ಇರುತ್ತದೆ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೇ ಇಕೆಡಾ ಅದರ ರುಚಿಯನ್ನು ಗುರುತಿಸಿದ್ದೂ ಕೊಂಬು ಎಂಬ ಕಡಲಕಳೆಯ ಸಾರಿನಲ್ಲಿಯೇ. ಸಹಜವಾದದ್ದಕ್ಕೂ ಬೆರೆಸಿದ್ದಕ್ಕೂ ರಾಸಾಯನಿಕವಾಗಿ ವ್ಯತ್ಯಾಸವಿಲ್ಲ. ಯಾವುದನ್ನು ಕೊಡಲಾಗಿದೆಯೆಂದು ತಿಳಿಸದೆ ನಡೆಸಿದ ಪರೀಕ್ಷೆಗಳಲ್ಲಿ ಇಂಥ ಲಕ್ಷಣಗಳು ಪ್ರತಿ ಬಾರಿಯೂ ಮರುಕಳಿಸಿಲ್ಲವಾದ್ದರಿಂದ, ನನ್ನ ತಲೆನೋವಿಗೆ ಆ ಪುಡಿಯೇ ಕಾರಣವೆಂದು ಖಡಾಖಂಡಿತವಾಗಿ ಹೇಳಲಾರೆ.

ಆದರೂ ಫಲಕವನ್ನು ನಂಬಿ ಬಂದವರಿಗೆ ಪೂರ್ತಿ ಮಾಹಿತಿ ಸಿಗಬೇಕು. ಫ್ರೈಡ್ ರೈಸ್‌ಗಾಗಿ ಮತ್ತೆ ಹೋಗುತ್ತೇನೆ. ಸೂಪು ಬೇಕೆನ್ನುವವರು ಪೊಟ್ಟಣವನ್ನು ತರಿಸಿ ಓದಿದ ಮೇಲೆಯೇ ಆರ್ಡರ್ ಕೊಡಿ.