15 ಡಾಲರಿನ ರೇಡಾನ್ ಕಿಟ್: ಅಯೋವಾದಲ್ಲಿ ಮನೆ ಇರುವವರು ದಯವಿಟ್ಟು ಓದಿ

ನಾವು ಅಮೆರಿಕದ ಅಯೋವಾ ರಾಜ್ಯದ ಡಿಮೋಯ್ನ್ ಹತ್ತಿರ ಮನೆ ತಗೊಂಡು ಮೂರು ವರ್ಷವಾಯಿತು. ಬೇಸ್‌ಮೆಂಟಿನಲ್ಲೇ ನನ್ನ ಆಫೀಸ್ ಕೆಲಸ, ಮಕ್ಕಳ ಆಟ. ಮೈಸೂರಿನಿಂದ ಅಮ್ಮ ಬಂದರೆ ಮಲಗುವುದೂ ಅಲ್ಲೇ. ಕೊಳ್ಳುವಾಗ ರೇಡಾನ್ (ಮಣ್ಣಿನಿಂದ ಮನೆಯೊಳಗೆ ಬರುವ ವಿಕಿರಣಶೀಲ ಅನಿಲ) ಟೆಸ್ಟ್ ಮಾಡಿಸಿರಲಿಲ್ಲ, ಅದು ನಮ್ಮದೇ ತಪ್ಪು. ಹೋದ ಜನವರಿಯಲ್ಲಿ ಇದ್ದಿಲಿನ ಕಿಟ್ ಒಂದನ್ನು ತರಿಸಿದೆ. ಲ್ಯಾಬ್ ಖರ್ಚೂ ಸೇರಿ 15 ಡಾಲರ್.

ಬಳಸುವುದು ಸುಲಭ. ಹಿಂದಿನ ದಿನದಿಂದಲೇ ಕಿಟಕಿ ಬಾಗಿಲು ಮುಚ್ಚಿಡಬೇಕು, ಓಡಾಡೋಕೆ ಬಾಗಿಲು ತೆಗೆದು ಕೂಡಲೇ ಮುಚ್ಚಿದರೆ ತೊಂದರೆ ಇಲ್ಲ. ಡಬ್ಬಿಯ ಮುಚ್ಚಳ ತೆಗೆದು ನೆಲದಿಂದ 20 ಇಂಚಿಗಿಂತ ಮೇಲೆ, ಹೊರಗೋಡೆಯಿಂದ ದೂರ ಇಡಬೇಕು. ಎರಡು ಮೂರು ದಿನ ಬಿಟ್ಟು ಮುಚ್ಚಿ ಪೋಸ್ಟ್ ಮಾಡಬೇಕು. ಒಂದು ಮಾತು ನೆನಪಿಡಿ: ಇದ್ದಿಲು ಹೀರಿಕೊಂಡ ರೇಡಾನ್ ಸುಮಾರು 3.8 ದಿನಕ್ಕೆ ಅರ್ಧವಾಗುತ್ತದೆ, ಅದಕ್ಕೇ ಡಬ್ಬಿಯನ್ನು ತಡಮಾಡದೆ ಕಳಿಸಬೇಕು. ನಾನು ಮೊದಲ ಡಬ್ಬಿಯನ್ನು ಕಾರಿನಲ್ಲೇ ಮರೆತು ಒಂದು ವಾರ ತಡ ಮಾಡಿದೆ, ಲ್ಯಾಬಿನವರು ಫಲಿತಾಂಶ ಕೊಡಲಾಗುವುದಿಲ್ಲ ಅಂದರು, ಮತ್ತೆ ಹೊಸ ಕಿಟ್ ತರಿಸಬೇಕಾಯಿತು. ಕಿಟ್‌ನಲ್ಲಿ ನನಗೆ ಇಷ್ಟವಾಗದ್ದು ಇದೊಂದೇ, ಈ ಎಚ್ಚರಿಕೆ ಚೀಟಿಯ ಹಿಂಬದಿಯಲ್ಲಿ ತುಂಬಾ ಸಣ್ಣಕ್ಷರದಲ್ಲಿದೆ.

ಎರಡನೇ ಸಲ ಬಂದ ಅಂಕಿ ಲೀಟರ್ ಗಾಳಿಗೆ 11.2 ಪಿಕೋಕ್ಯೂರಿ (ವಿಕಿರಣ ಅಳೆಯುವ ಮಾನ). 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಿಪಡಿಸಿ ಅನ್ನುತ್ತದೆ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ). ಅಮ್ಮ ಮೂರು ತಿಂಗಳು ಬೇಸ್‌ಮೆಂಟಿನಲ್ಲೇ ಮಲಗಿದ್ದು ನೆನಪಾಗಿ ಹೊಟ್ಟೆ ಕಿವುಚಿದಂತಾಯಿತು. ಸಿಗರೇಟ್ ಬಿಟ್ಟರೆ ಶ್ವಾಸಕೋಶದ ಕ್ಯಾನ್ಸರಿಗೆ ರೇಡಾನೇ ದೊಡ್ಡ ಕಾರಣ, ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಸಾವು ಅಂತ ಇಪಿಎ ಅಂದಾಜು. ಅಯೋವಾದ 99 ಕೌಂಟಿಗಳೂ ಅವರ ನಕ್ಷೆಯಲ್ಲಿ ಅತಿ ಹೆಚ್ಚು ರೇಡಾನ್ ವಲಯದಲ್ಲಿವೆ. ಇಲ್ಲಿನ ಮಣ್ಣು ಹಿಂದೆ ಹಿಮನದಿಗಳು ಬಂಡೆ ಅರೆದು ಹರಡಿದ್ದು, ಅದರಲ್ಲಿರುವ ರೇಡಿಯಂನಿಂದ ಈ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗಾಲದಲ್ಲಿ ಬಿಸಿ ಗಾಳಿ ಮೇಲಿಂದ ಹೊರಗೆ ಹೋದಷ್ಟೂ ಮನೆ ನೆಲದ ಬಿರುಕುಗಳಿಂದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಪಕ್ಕದ ಮನೆಯವರಿಗೆ 3 ಬಂದಿತ್ತು. ಅದೇ ಬೀದಿ, ಅದೇ ಬಿಲ್ಡರ್! ಅವರದ್ದು ಕಮ್ಮಿ ಅಂತ ನಮ್ಮದೂ ಕಮ್ಮಿ ಅಂದುಕೊಂಡು ಸುಮ್ನೆ ಕೂರುವ ಹಾಗಿಲ್ಲ, ಅಲ್ವಾ?

ಸರಿಪಡಿಸಲು ರಾಜ್ಯದ ಪರವಾನಗಿ ಇರುವವರನ್ನೇ ಕರೆಸಿದೆ. ಒಂದೇ ದಿನದ ಕೆಲಸ. ಬೇಸ್‌ಮೆಂಟ್ ಕಾಂಕ್ರೀಟಿಗೆ ತೂತು ಕೊರೆದು, ಕೆಳಗಿನ ಮಣ್ಣು ಸ್ವಲ್ಪ ತೆಗೆದು, ಪಿವಿಸಿ ಪೈಪ್ ಇಳಿಸಿ ಸೂರಿನ ಮೇಲಿನವರೆಗೆ ಒಯ್ದರು. ಫ್ಯಾನ್ ಹಗಲೂ ರಾತ್ರಿ ನೆಲದಡಿಯ ಗಾಳಿ ಎಳೆದು ಹೊರಗೆ ಬಿಡುತ್ತದೆ. ಸಂಪ್‌ಗೆ ಗಾಳಿಯಾಡದ ಮುಚ್ಚಳ ಹಾಕಿದರು (ನಮ್ಮೂರಿನ ಕುಡಿಯುವ ನೀರಿನ ಸಂಪ್ ಅಲ್ಲ, ನೆಲದಡಿ ಸೇರುವ ನೀರನ್ನು ಪಂಪ್ ಮಾಡುವ ಗುಂಡಿ). ಖರ್ಚು 1,400 ಡಾಲರ್. ಜಾಸ್ತಿ ಅನ್ನಿಸಿತು, ಆದರೆ ಕೆಲಸ ಅಚ್ಚುಕಟ್ಟು, ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟರು. ಮಹಡಿಯ ಮಲಗುವ ಕೋಣೆಯ ಹಿಂದೆಯೇ ಫ್ಯಾನ್ ಬಂದಿದೆ, ರಾತ್ರಿ ಸಣ್ಣಗೆ ಗುಂಯ್‌ಗುಡುತ್ತದೆ. ಜಾಗ ಯಾವುದು ಅಂತ ಮೊದಲೇ ಕೇಳಿಕೊಳ್ಳಿ.

ಎರಡು ವಾರದ ನಂತರ ಮತ್ತದೇ ಕಿಟ್ ಇಟ್ಟೆ. 1.1 ಬಂತು. ಪೈಪಿನ ಮೇಲೆ ಬಣ್ಣದ ದ್ರವ ತುಂಬಿದ ಯು ಆಕಾರದ ಕೊಳವೆಯಿದೆ, ಎರಡು ಬದಿಯ ಮಟ್ಟ ಸಮವಾಗಿದ್ದರೆ ಫ್ಯಾನ್ ಎಳೆಯುತ್ತಿಲ್ಲ ಅಂತ ಅರ್ಥ. ಈ ಸಲ ಬಂದ ಅಮ್ಮ ದಿನಾ ಬೆಳಿಗ್ಗೆ ಅದನ್ನೇ ನೋಡಿ, ಸರಿ ಇದೆ ಕಣೋ ಅನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಮತ್ತೆ ಟೆಸ್ಟ್ ಮಾಡಬೇಕಂತೆ, ಮುಂದಿನ ತಾರೀಖನ್ನು ಪೈಪಿನ ಮೇಲೇ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ.